ಮತ್ತೆ ಬಾರದ ಗಿರಾಕಿಯ ತಟ್ಟೆ

ಹಂಸಭಾವಿ, ಹಿರೇಕೆರೂರು ಕಡೆಯ ವರ್ತಕರು ಖರೀದಿಗೆಂದು ಬೆಂಗಳೂರಿಗೆ ಹೋಗುವ ಕ್ರಮ ಹೊಸದೇನಲ್ಲ. ರಾತ್ರಿ ಬಸ್ಸು ಹತ್ತಿ, ಬೆಳಗಿನ ಜಾವ ಮೆಜೆಸ್ಟಿಕ್‌ನಲ್ಲಿ ಇಳಿದು, ಚಿಕ್ಕಪೇಟೆಯಲ್ಲಿ ಬಟ್ಟೆಯನ್ನೋ ಎಸ್.ಪಿ. ರಸ್ತೆಯಲ್ಲಿ ಬಿಡಿಭಾಗಗಳನ್ನೋ ನೋಡಿ, ದರ ಕುದುರಿಸಿ, ಲಾರಿ ಆಫೀಸಿಗೆ ಗಂಟು ಹಾಕಿಸಿ, ಮಧ್ಯಾಹ್ನದ ಹೊತ್ತಿಗೆ ಅವರಲ್ಲಿ ಅನೇಕರು ಲಾಲ್‌ಬಾಗ್ ರಸ್ತೆಯ ಮಾವಳ್ಳಿ ಟಿಫಿನ್ ರೂಮ್‌ಗೆ, ಅಂದರೆ ಎಲ್ಲರ ಬಾಯಲ್ಲಿ ಎಂ.ಟಿ.ಆರ್. ಎನಿಸಿಕೊಂಡ ಉಪಾಹಾರ ಮಂದಿರಕ್ಕೆ, ಹಾಜರಾಗುತ್ತಾರೆ. ಅಲ್ಲಿ ಹೆಸರು ಬರೆಸಿ ಕಾಯಬೇಕು. ಕಾಯುವವರ ಸಾಲಿನಲ್ಲಿ ಲಾಲ್‌ಬಾಗ್ ನೋಡಿ ಬಂದ ಉತ್ತರ ಭಾರತದ ಕುಟುಂಬ, ಕೊರಳಲ್ಲಿ ಕ್ಯಾಮರಾ ತೂಗಿಸಿಕೊಂಡ ವಿದೇಶಿಯರು, ಮೂರು ತಲೆಮಾರಿನಿಂದ ಅಲ್ಲಿಯೇ ಉಣ್ಣುತ್ತಿರುವ ಬಸವನಗುಡಿಯ ಹಿರಿಯರು, ಎಲ್ಲರೂ ಒಂದೇ ಬೆಂಚಿನ ಮೇಲೆ. ಹಂಸಭಾವಿಯ ವರ್ತಕನೂ ಚೀಲವನ್ನು ಕಾಲಬಳಿ ಇಟ್ಟುಕೊಂಡು ಕುಳಿತಿರುತ್ತಾನೆ. ಊರಿನ ಖಾನಾವಳಿಯ ಊಟಕ್ಕಿಂತ ಎಷ್ಟೋ ಹೆಚ್ಚಿನ ಹಣ ತೆತ್ತು, ತುಟಿಪಿಟಕ್ಕೆನ್ನದೆ ಹೊರಬರುತ್ತಾನೆ.

ಅದೇ ವರ್ತಕ ಮರುದಿನ ಊರಿನ ಖಾನಾವಳಿಯಲ್ಲಿ ಊಟದ ದರ ಹತ್ತು ರೂಪಾಯಿ ಏರಿದ್ದನ್ನು ಕಂಡರೆ ಗಲ್ಲಾದ ಮುಂದೆ ನಿಂತು ವಾದಕ್ಕಿಳಿಯುತ್ತಾನೆ. ಇದು ಆತನ ತಪ್ಪೆಂದು ಹೇಳುವಂತಿಲ್ಲ. ಒಂದು ಕಡೆ ಬೆಲೆಯನ್ನು ನಂಬುವ, ಇನ್ನೊಂದು ಕಡೆ ಅನುಮಾನಿಸುವ ಈ ಸ್ವಭಾವಕ್ಕೆ ಕಾರಣವಿದೆ. ಆ ಕಾರಣ ಅಡುಗೆಮನೆಯಷ್ಟೇ ಲೆಕ್ಕದ ಪುಸ್ತಕಕ್ಕೂ ಸಂಬಂಧಿಸಿದ್ದು.

ಪ್ರವಾಸಿಗರು ಮುಗಿಬೀಳುವ ಉಪಾಹಾರ ಮಂದಿರದ ಮಾಲೀಕನಿಗೆ ಇತರ ವ್ಯಾಪಾರಿಗಳಿಗಿಲ್ಲದ ಒಂದು ಪ್ರಲೋಭನೆ ಸದಾ ಎದುರಿರುತ್ತದೆ. ಪ್ರವಾಸಿ ಇಂದು ಬಂದವನು ನಾಳೆ ಬರುವುದಿಲ್ಲ. ಅವನಿಗೆ ಸ್ಥಳೀಯ ರುಚಿಯ ಪರಿಚಯವಿಲ್ಲ, ಪಕ್ಕದ ಅಂಗಡಿಯ ದರ ಗೊತ್ತಿಲ್ಲ, ಜಗಳವಾಡಲು ಭಾಷೆಯೂ ಇಲ್ಲ. ಇಂಥವನ ತಟ್ಟೆಗೆ ತುಪ್ಪದ ಬದಲು ಡಾಲ್ಡಾ ಹಾಕಿದರೆ ಕೇಳುವವರು ಯಾರು? ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೆಯ ಕಾರುಗಳ ಮಾರುಕಟ್ಟೆಯನ್ನು ಉದಾಹರಣೆಯಾಗಿಟ್ಟುಕೊಂಡು ವಿವರಿಸಿದ್ದು ಇದೇ ಸಂಗತಿಯನ್ನು. ಕೊಳ್ಳುವವನಿಗೆ ಗುಣಮಟ್ಟ ಅಳೆಯಲು ಬಾರದಿದ್ದರೆ ಕಳಪೆ ಸರಕು ಒಳ್ಳೆಯ ಸರಕನ್ನು ಮಾರುಕಟ್ಟೆಯಿಂದಲೇ ಹೊರದೂಡುತ್ತದೆ ಎಂಬುದು ಅವರ ವಾದದ ಸಾರ. 2001ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಸಂದಿತು. ಪ್ರವಾಸಿ ತಾಣಗಳ ಹೋಟೆಲುಗಳಲ್ಲಿ ಬಹುಪಾಲು ಏಕೆ ಸಾಧಾರಣವಾಗಿರುತ್ತವೆ ಎಂಬುದಕ್ಕೆ ಇದಕ್ಕಿಂತ ನೇರವಾದ ಉತ್ತರ ಸಿಗಲಾರದು. ಹಾಗಿದ್ದರೂ ಕೆಲವು ಮಂದಿರಗಳು ದಶಕಗಳ ಕಾಲ ಕೆಡದೆ ಉಳಿದುಕೊಂಡಿವೆ. ಅವು ಉಳಿದ ಬಗೆಯನ್ನು ವರ್ತಕರು ಗಮನಿಸಬೇಕು.

ಮಾವಳ್ಳಿ ಟಿಫಿನ್ ರೂಮಿನ ಚರಿತ್ರೆ ಈ ದೃಷ್ಟಿಯಿಂದ ಪರಿಶೀಲನೆಗೆ ಯೋಗ್ಯವಾದುದು. ಉಡುಪಿ ಸೀಮೆಯ ಪಾರಂಪಳ್ಳಿಯಿಂದ ಬಂದ ಮಯ್ಯ ಸಹೋದರರು 1924ರಲ್ಲಿ ಅದನ್ನು ಆರಂಭಿಸಿದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿಯ ಅಭಾವ ತಲೆದೋರಿದಾಗ ಅಕ್ಕಿಯ ಬದಲು ರವೆಯನ್ನು ಬಳಸಿ ಮಾಡಿದ ಪ್ರಯೋಗವೇ ಇಂದು ದೇಶದೆಲ್ಲೆಡೆ ತಿನ್ನುವ ರವೆ ಇಡ್ಲಿ. ಕಚ್ಚಾ ಸಾಮಗ್ರಿ ಸಿಗದಾಗ ತಯಾರಕನಿಗೆ ಎರಡು ದಾರಿಗಳಿರುತ್ತವೆ. ಅದೇ ಹೆಸರಿನಲ್ಲಿ ಕಳಪೆ ಮಾಲು ಕೊಡುವುದು ಒಂದು, ಬೇರೆ ಹೆಸರಿನಲ್ಲಿ ಬೇರೆ ಒಳ್ಳೆಯ ಮಾಲು ಕೊಡುವುದು ಇನ್ನೊಂದು. ಅವರು ಎರಡನೆಯದನ್ನು ಆರಿಸಿಕೊಂಡರು. ಯಜ್ಞನಾರಾಯಣ ಮಯ್ಯರು 1951ರಲ್ಲಿ ಯುರೋಪಿಗೆ ಹೋಗಿ ಅಲ್ಲಿಯ ಉಪಾಹಾರ ಮಂದಿರಗಳ ಶುಚಿತ್ವವನ್ನು ಕಂಡು ಬಂದು, ಪಾತ್ರೆ-ಲೋಟಗಳನ್ನು ಬಿಸಿ ಹಬೆಯಲ್ಲಿ ಶುದ್ಧೀಕರಿಸುವಂಥ ಕ್ರಮಗಳನ್ನು ಜಾರಿಗೆ ತಂದರು. ಗಿರಾಕಿಗಳು ಅಡುಗೆಮನೆಯನ್ನು ಕಣ್ಣಾರೆ ಕಾಣಲು ಅವಕಾಶವಿದ್ದುದೂ ಆ ಮನೆಯ ಒಂದು ಪದ್ಧತಿ. ಲೆಕ್ಕಪರಿಶೋಧನೆಯ ಭಾಷೆಯಲ್ಲಿ ಹೇಳುವುದಾದರೆ, ಪುಸ್ತಕಗಳನ್ನು ತಪಾಸಣೆಗೆ ತೆರೆದಿಟ್ಟಂತೆ. ಅಪರಿಚಿತನಿಗೆ ರುಚಿ ಅಳೆಯಲು ಬಾರದಿರಬಹುದು. ಆದರೆ ಒಲೆ, ನೆಲ, ಪಾತ್ರೆಗಳು ಹೇಗಿವೆ ಎಂಬುದು ಯಾವ ದೇಶದವನಿಗಾದರೂ ತಿಳಿಯುತ್ತದೆ.

ಈ ಸಂಸ್ಥೆಯ ನಿಜವಾದ ಪರೀಕ್ಷೆ ನಡೆದದ್ದು ತುರ್ತುಪರಿಸ್ಥಿತಿಯ ಅವಧಿಯಲ್ಲಿ, 1975ರ ನಂತರ. ಹೋಟೆಲುಗಳು ತಿಂಡಿ ತಿನಿಸುಗಳನ್ನು ತೀರ ಕಡಿಮೆ ದರದಲ್ಲಿಯೇ ಮಾರಬೇಕೆಂಬ ಸರ್ಕಾರದ ನಿರ್ಬಂಧ ಬಂದಿತು. ಅನೇಕ ಹೋಟೆಲುಗಳು ಆ ದರಕ್ಕೆ ತಕ್ಕಂತೆ ಇಡ್ಲಿಯನ್ನು ಕಿರಿದುಗೊಳಿಸಿ, ಸಾಂಬಾರನ್ನು ತೆಳುವಾಗಿಸಿ ದಿನ ದೂಡಿರಬಹುದು. ಹಾಗೆ ಮಾಡಿದ್ದರೆ ಯಾರೂ ಆಕ್ಷೇಪಿಸುವಂತಿರಲಿಲ್ಲ. ಮಯ್ಯರು ಗುಣಮಟ್ಟವನ್ನು ಇಳಿಸಲು ಒಪ್ಪಲಿಲ್ಲ. ನಿಗದಿತ ದರಕ್ಕೆ ಮೊದಲಿನ ತಿಂಡಿಯನ್ನೇ ಕೊಡುತ್ತ, ಆ ದಿನ ಆದ ನಷ್ಟವನ್ನು ಗಿರಾಕಿಗಳಿಗೆ ಕಾಣುವಂತೆ ಬರೆದು ಪ್ರಕಟಿಸಿದರೆಂದೂ, ಕೊನೆಗೆ ಮಂದಿರವನ್ನೇ ಮುಚ್ಚಿದರೆಂದೂ ಆ ಸಂಸ್ಥೆಯ ಇತಿಹಾಸ ಹೇಳುತ್ತದೆ. ದೈನಂದಿನ ಲಾಭ-ನಷ್ಟದ ಪಟ್ಟಿಯನ್ನು ಬೀದಿಗೆ ತಂದಿಟ್ಟ ವ್ಯಾಪಾರಿ ಕರ್ನಾಟಕದಲ್ಲಿ ಇನ್ನೊಬ್ಬನಿರಲಾರ. ಮುಚ್ಚಿದ ಅಡುಗೆಮನೆಯ ಕೆಲಸಗಾರರಿಗೆ ಉದ್ಯೋಗ ಬೇಕಾಗಿತ್ತು. ಅವರ ಕೈಯಲ್ಲಿದ್ದ ಕೌಶಲ ಸಾಂಬಾರ ಪುಡಿ, ರವೆ ಇಡ್ಲಿ ಮಿಶ್ರಣಗಳ ಪೊಟ್ಟಣವಾಗಿ ಅಂಗಡಿಗೆ ಬಂದಿತು. ಮಂದಿರ 1984ರಲ್ಲಿ ಮತ್ತೆ ತೆರೆಯಿತು. ಪೊಟ್ಟಣದ ಉದ್ಯಮ ಮಾತ್ರ ತನ್ನ ದಾರಿಯಲ್ಲಿ ಬೆಳೆದು, 2007ರಲ್ಲಿ ನಾರ್ವೆ ದೇಶದ ಆರ್ಕ್ಲಾ ಕಂಪನಿಯ ಸ್ವಾಧೀನಕ್ಕೆ ಹೋಯಿತು. ಉಪಾಹಾರ ಮಂದಿರ ಕುಟುಂಬದಲ್ಲಿಯೇ ಉಳಿಯಿತು. ಬೆಲೆ ನಿಯಂತ್ರಣದ ಒಂದು ಆಜ್ಞೆಯಿಂದ ಇಷ್ಟೆಲ್ಲ ನಡೆಯಿತೆಂಬುದನ್ನು ಸಣ್ಣ ತಯಾರಕರು ಬಿಡುವಿದ್ದಾಗ ಯೋಚಿಸಬಹುದು.

ಈ ಕಥೆಯನ್ನು ಕೇಳಿದ ಹಂಸಭಾವಿಯ ಖಾನಾವಳಿಯ ಮಾಲೀಕ ಒಂದು ಆಕ್ಷೇಪ ಎತ್ತಬಹುದು. ಆ ಆಕ್ಷೇಪ ನ್ಯಾಯವಾದುದೇ. ಬೆಂಗಳೂರಿನಲ್ಲಿ ಹೆಸರು ಮಾಡಿದವನು ಬಾಗಿಲು ಮುಚ್ಚಿಯೂ ಬದುಕಬಲ್ಲ. ಬಾಡಿಗೆಯ ಮಳಿಗೆಯಲ್ಲಿ, ಇಬ್ಬರು ರೊಟ್ಟಿ ಬಡಿಯುವ ಹೆಂಗಸರನ್ನೂ ಒಬ್ಬ ಹುಡುಗನನ್ನೂ ನಂಬಿಕೊಂಡು ನಡೆಸುವವನು ಮೂರು ದಿನ ಮುಚ್ಚಿದರೆ ನಾಲ್ಕನೆಯ ದಿನ ಜೋಳದ ಅಂಗಡಿಯವನು ಉದ್ರಿ ಕೇಳಲು ಬರುತ್ತಾನೆ. ಅವನ ಮುಂದಿರುವ ಪ್ರಶ್ನೆ ಮುಚ್ಚುವುದಲ್ಲ. ಜೋಳ, ಶೇಂಗಾ ಎಣ್ಣೆ, ಬ್ಯಾಡಗಿ ಮೆಣಸಿನಕಾಯಿ, ಸಿಲಿಂಡರ್, ಇವುಗಳ ದರ ಏರಿದಾಗ ತಟ್ಟೆಯಲ್ಲಿ ಕಡಿಮೆ ಮಾಡಬೇಕೋ, ಫಲಕದಲ್ಲಿ ಹೆಚ್ಚು ಮಾಡಬೇಕೋ ಎಂಬುದು ಅವನ ಪ್ರಶ್ನೆ. ಬಹುಮಂದಿ ಮೊದಲನೆಯದನ್ನೇ ಆರಿಸುತ್ತಾರೆ, ಏಕೆಂದರೆ ಅದು ಸದ್ದಿಲ್ಲದೆ ನಡೆಯುತ್ತದೆ.

ಲೆಕ್ಕ ಹಾಕಿ ನೋಡಬೇಕು. ತೆರಿಗೆಯನ್ನು ಸದ್ಯಕ್ಕೆ ಬದಿಗಿಟ್ಟು, ಉದಾಹರಣೆಗಾಗಿ ದಿನಕ್ಕೆ 200 ಊಟ ಹೋಗುವ ಒಂದು ಖಾನಾವಳಿಯನ್ನು ಊಹಿಸಿಕೊಳ್ಳಬಹುದು. ಅದರಲ್ಲಿ 150 ಮಂದಿ ಊರಿನ ಮತ್ತು ಸಂತೆಗೆ ಬರುವ ಕಾಯಂ ಗಿರಾಕಿಗಳು, 50 ಮಂದಿ ದಾರಿಹೋಕರು. ಪ್ರತಿ ಊಟಕ್ಕೆ ಉಳಿತಾಯ 30 ರೂಪಾಯಿ ಎಂದಿಟ್ಟುಕೊಂಡರೆ ದಿನಕ್ಕೆ 6,000 ರೂಪಾಯಿ. ಈಗ ಮಾಲೀಕ ಶೇಂಗಾ ಎಣ್ಣೆಗೆ ಬದಲಾಗಿ ಪಾಮೋಲಿನ್, ಮೊಸರಿಗೆ ನೀರು, ಕೆಂಪು ಖಾರಕ್ಕೆ ಅಗ್ಗದ ಪುಡಿ ಬಳಸಿ ಊಟಕ್ಕೆ 8 ರೂಪಾಯಿ ಉಳಿಸಿದನೆನ್ನೋಣ. ಊಟಕ್ಕೆ 38 ರೂಪಾಯಿಯಂತೆ 200 ಊಟಕ್ಕೆ 7,600; ದಿನಕ್ಕೆ 1,600 ರೂಪಾಯಿ ಹೆಚ್ಚುವರಿ. ಆದರೆ 158 ಊಟಕ್ಕೆ ಇಳಿದಾಗಲೇ ಮೊತ್ತ 6,004ಕ್ಕೆ ಬಂದು ನಿಲ್ಲುತ್ತದೆ. ಅಂದರೆ 42 ಮಂದಿ ಬರುವುದನ್ನು ನಿಲ್ಲಿಸಿದರೆ ಮಾಡಿದ ಉಳಿತಾಯವೆಲ್ಲ ಹೋಯಿತು, 43ನೆಯವನಿಂದ ನಷ್ಟ ಆರಂಭ. ದಾರಿಹೋಕ 50 ಮಂದಿಗೆ ವ್ಯತ್ಯಾಸ ತಿಳಿಯದಿರಬಹುದು. ಬಾಯಿರುಚಿಯಲ್ಲಿ ಮೋಸ ಹೋಗದವರು ಆ 150 ಮಂದಿ. ಅವರಲ್ಲಿ ನಾಲ್ಕರಲ್ಲೊಬ್ಬನಿಗಿಂತ ಸ್ವಲ್ಪ ಹೆಚ್ಚು ಮಂದಿ ಎದುರಿನ ಅಂಗಡಿಗೆ ಹೋದರೆ ಸಾಕು.

ಬೆಲೆಯನ್ನೇ 10 ರೂಪಾಯಿ ಏರಿಸಿದರೆ? ಉಳಿತಾಯ ಊಟಕ್ಕೆ 40 ರೂಪಾಯಿ ಆಗುತ್ತದೆ. 150 ಊಟಕ್ಕೇ ಹಿಂದಿನ 6,000 ಕೈಸೇರುತ್ತದೆ. 50 ಮಂದಿ ಬಿಟ್ಟುಹೋಗುವವರೆಗೆ ಮಾಲೀಕನಿಗೆ ನಷ್ಟವಿಲ್ಲ. ಇದರ ಜೊತೆಗೆ ಇನ್ನೊಂದು ಸಂಗತಿ ಯಾವ ಕೀರ್ದಿಯಲ್ಲಿಯೂ ಕಾಣುವುದಿಲ್ಲ. ಬೆಲೆ ಏರಿತೆಂದು ಮುನಿಸಿಕೊಂಡು ಹೋದವನು ಉಳಿದ ಖಾನಾವಳಿಗಳಲ್ಲಿಯೂ ಬೆಲೆ ಏರಿದಾಗ ಹಿಂದಿರುಗುತ್ತಾನೆ. ರುಚಿ ಕೆಟ್ಟಿತೆಂದು ಹೋದವನು ಹಿಂದಿರುಗುವುದು ಅಪರೂಪ. ಹೋಗುವಾಗ ನಾಲ್ಕು ಮಂದಿಗೆ ಹೇಳಿಯೂ ಹೋಗುತ್ತಾನೆ.

ಪ್ರವಾಸಿಗರು ತುಂಬಿದ ಬೆಂಗಳೂರಿನ ಆ ಮಂದಿರಗಳಲ್ಲಿ ಕಾಯಂ ಗಿರಾಕಿ ಇಂದಿಗೂ ಕುಳಿತಿರುವುದು ಅಲಂಕಾರಕ್ಕಲ್ಲ. ಅವನೇ ಅಲ್ಲಿಯ ವೇತನವಿಲ್ಲದ ತಪಾಸಣಾಧಿಕಾರಿ. ಗಾಂಧಿ ಬಜಾರಿನ ವಿದ್ಯಾರ್ಥಿ ಭವನ 1943ರಿಂದ ದೋಸೆ ಕೊಡುತ್ತಿದೆ. ಊರು ನೋಡಲು ಬಂದವರು ಅದರ ಬಾಗಿಲಲ್ಲಿ ನಿಂತು ಭಾವಚಿತ್ರ ತೆಗೆಸಿಕೊಳ್ಳುವಂತಾದದ್ದು ಬಹಳ ತರುವಾಯ. ಮೊದಲು ಬಂದವರು ಬಸವನಗುಡಿಯ ವಿದ್ಯಾರ್ಥಿಗಳು, ಸಾಹಿತಿಗಳು, ನೆರೆಹೊರೆಯವರು. ಅವರು ಎಬ್ಬಿಸಿದ ಹೆಸರನ್ನು ಪ್ರವಾಸಿ ಹುಡುಕಿಕೊಂಡು ಬಂದ. ಪ್ರವಾಸಿಗಾಗಿಯೇ ತೆರೆದ ಹೋಟೆಲಿಗೆ ಇಂಥ ತಪಾಸಣೆ ಇಲ್ಲ. ಕೆಲವರು ಈಗ ಮೊಬೈಲಿನಲ್ಲಿ ನಕ್ಷತ್ರಗಳ ಅಂಕ ಕೊಡುವ ವ್ಯವಸ್ಥೆ ಬಂದಿರುವುದರಿಂದ ಪ್ರವಾಸಿಯೂ ಕಾಯಂ ಗಿರಾಕಿಯಂತೆಯೇ ಆಗಿದ್ದಾನೆ ಎಂದು ವಾದಿಸುತ್ತಾರೆ. ಅರ್ಧ ನಿಜ. ಅಂಕಗಳನ್ನು ಹಣ ಕೊಟ್ಟು ಬರೆಸುವವರೂ ಇದ್ದಾರೆ. ದಿನವೂ ಬಂದು ಅದೇ ಮೂಲೆಯ ಮೇಜಿನಲ್ಲಿ ಕುಳಿತು ಸಾರಿನಲ್ಲಿ ಉಪ್ಪು ಹೆಚ್ಚಾಗಿದೆ ಎನ್ನುವ ಮುದುಕನನ್ನು ಹಾಗೆ ಕೊಳ್ಳಲು ಬಾರದು.

ಹಾವೇರಿ ಜಿಲ್ಲೆಯ ಮಟ್ಟಿಗೆ ಈ ಮಾತು ದೂರದ್ದಲ್ಲ. ಹುಬ್ಬಳ್ಳಿ-ದಾವಣಗೆರೆಗಳ ನಡುವಿನ ರಾಷ್ಟ್ರೀಯ ಹೆದ್ದಾರಿ ಜಿಲ್ಲೆಯನ್ನು ಸೀಳಿಕೊಂಡು ಹೋಗುತ್ತದೆ. ಗೊಟಗೋಡಿಯ ಶಿಲ್ಪವನ, ಕನಕದಾಸರ ಬಾಡ, ಬಂಕಾಪುರದ ನವಿಲುಧಾಮ, ಹಾನಗಲ್ಲಿನ ತಾರಕೇಶ್ವರ, ಹಿರೇಕೆರೂರು ತಾಲೂಕಿನ ಅಬಲೂರು, ನೋಡತಕ್ಕವು ಕಡಿಮೆಯಿಲ್ಲ. ನೋಡಲು ಬಂದವನು ಮಧ್ಯಾಹ್ನ ಉಣ್ಣುವುದೆಲ್ಲಿ? ಅವನಿಗಾಗಿ ಹೊಸದಾಗಿ ತೆರೆದ ಹೋಟೆಲುಗಳ ಪಟ್ಟಿಯಲ್ಲಿ ಪನೀರ್ ಬಟರ್ ಮಸಾಲಾ, ಗೋಬಿ ಮಂಚೂರಿ, ತಂದೂರಿ ರೊಟ್ಟಿ, ಹೀಗೆ ಎಂಬತ್ತು ಬಗೆ. ಬೆಂಗಳೂರಿನಲ್ಲಿ ಮನೆಯ ಎದುರಿಗೇ ಸಿಗುವುದನ್ನು ಉಣ್ಣಲು ಮುನ್ನೂರು ಕಿಲೋಮೀಟರಿಗೂ ಹೆಚ್ಚು ದೂರ ಯಾರೂ ಬರುವುದಿಲ್ಲ. ಜೋಳದ ಬಿಸಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಮಡಿಕೆಕಾಳಿನ ಪಲ್ಯ, ಝುಣಕ, ಗುರೆಳ್ಳು ಹಿಂಡಿ, ಕೆನೆಮೊಸರು ಇರುವ ಖಾನಾವಳಿ ಹಿಂದಿನ ಓಣಿಯಲ್ಲಿ, ಫಲಕವೂ ಇಲ್ಲದೆ, ಪರಊರಿನವನ ಕಣ್ಣಿಗೆ ಬೀಳದೆ ನಡೆಯುತ್ತಿರುತ್ತದೆ.

ಎಂಬತ್ತು ಬಗೆಯ ಪಟ್ಟಿ ಹಿರಿತನದ ಗುರುತೆಂದು ತಿಳಿಯುವುದು ವ್ಯವಹಾರದ ದೃಷ್ಟಿಯಿಂದಲೂ ತಪ್ಪು. ಪಟ್ಟಿ ಉದ್ದವಾದಷ್ಟೂ ಫ್ರಿಜ್ಜಿನಲ್ಲಿ ಸಿಕ್ಕಿಬಿದ್ದ ಬಂಡವಾಳ, ರಾತ್ರಿ ಚೆಲ್ಲುವ ಸಾಮಾನು, ಹೆಚ್ಚು ಸಂಬಳ ಕೇಳುವ ಪರಪ್ರಾಂತದ ಅಡುಗೆಯವ. ಜೊತೆಗೆ ಕಾಲಹರಣ. 40 ಆಸನಗಳ ಹೋಟೆಲಿನಲ್ಲಿ ಮಧ್ಯಾಹ್ನದ ಎರಡೂವರೆ ತಾಸು ವ್ಯಾಪಾರದ ಹೊತ್ತು. ಒಬ್ಬನ ಊಟ ಅರ್ಧ ತಾಸಿನಲ್ಲಿ ಮುಗಿದರೆ ಪ್ರತಿ ಆಸನಕ್ಕೆ ಐದು ಸರತಿ, ಒಟ್ಟು 200 ಊಟ. ಪಟ್ಟಿ ಓದಿ, ಹೇಳಿ, ಕಾದು, ಉಂಡು ಏಳಲು 50 ನಿಮಿಷವಾದರೆ ಮೂರೇ ಸರತಿ, 120 ಊಟ. ಬಾಡಿಗೆ, ದೀಪ, ಸಂಬಳ ಎರಡಕ್ಕೂ ಅಷ್ಟೇ. ಬೆಂಗಳೂರಿನ ಆ ಮಂದಿರದಲ್ಲಿ ಮಧ್ಯಾಹ್ನದ ಊಟ ನಿಗದಿತ ಕ್ರಮದಲ್ಲಿ ಒಂದರ ಹಿಂದೊಂದು ಬಡಿಸುತ್ತ ಹೋಗುವುದನ್ನು ಸಂಪ್ರದಾಯವೆಂದು ಮೆಚ್ಚುವವರು ಅದರ ಹಿಂದಿರುವ ಈ ಗಣಿತವನ್ನೂ ಕಾಣಬೇಕು. ಖಾನಾವಳಿಗಳು ಈ ಗಣಿತವನ್ನು ಹುಟ್ಟಿನಿಂದಲೇ ಬಲ್ಲವು. ಅದನ್ನು ಬಿಟ್ಟು ಉದ್ದದ ಪಟ್ಟಿಯ ಹಿಂದೆ ಹೋಗುವುದು ವಿಚಿತ್ರ.

ತೆರಿಗೆಯ ವಿಚಾರವನ್ನು ಮೇಲೆ ಬದಿಗಿಡಲಾಗಿತ್ತು. ಅದು ಬದಿಗಿಡುವಂಥದಲ್ಲ. ಸರಕು ಮತ್ತು ಸೇವಾ ತೆರಿಗೆ 2017ರ ಜುಲೈ 1ರಂದು ಜಾರಿಗೆ ಬಂದಾಗ ಉಪಾಹಾರ ಮಂದಿರಗಳಿಗೆ ಶೇ. 12 ಮತ್ತು ಶೇ. 18ರ ದರಗಳಿದ್ದವು. ಅದೇ ವರ್ಷ ನವೆಂಬರ್ 15ರಿಂದ ಸಾಮಾನ್ಯ ಮಂದಿರಗಳಿಗೆಲ್ಲ ಶೇ. 5 ಆಯಿತು, ಆದರೆ ಹೂಡುವಳಿ ತೆರಿಗೆಯ ಜಮೆ ಇಲ್ಲವಾಯಿತು. ವಾಣಿಜ್ಯ ಅನಿಲ ಸಿಲಿಂಡರಿನ ಮೇಲೆ ತೆರುವ ಶೇ. 18 ಹಿಂದಿರುಗದೆ ವೆಚ್ಚದಲ್ಲಿಯೇ ಸೇರಿಹೋಗುತ್ತದೆ. ಬೆಲೆ ನಿಗದಿ ಮಾಡುವಾಗ ಇದನ್ನು ಮರೆಯುವ ಮಾಲೀಕರೇ ಹೆಚ್ಚು. ಇನ್ನೊಂದು ತಪ್ಪು ತಿಳುವಳಿಕೆ ನೋಂದಣಿಯ ಮಿತಿಯದು. ಬರೀ ಸರಕು ಮಾರುವವರಿಗೆ ಇರುವ 40 ಲಕ್ಷ ರೂಪಾಯಿಯ ಮಿತಿ ಖಾನಾವಳಿಗೂ ಅನ್ವಯಿಸುತ್ತದೆಂದು ಹಲವರು ನಂಬಿದ್ದಾರೆ. ಊಟ ಬಡಿಸುವುದು ಸೇವೆ. ಅದಕ್ಕೆ ಮಿತಿ 20 ಲಕ್ಷ. ದಿನಕ್ಕೆ ಸುಮಾರು 5,500 ರೂಪಾಯಿ ವ್ಯಾಪಾರವಾದರೆ ವರ್ಷದ ಕೊನೆಗೆ ಆ ಮಿತಿ ದಾಟಿರುತ್ತದೆ. 2025ರ ಜುಲೈ ತಿಂಗಳಲ್ಲಿ ಯು.ಪಿ.ಐ. ಮೂಲಕ ಬಂದ ಹಣದ ಆಧಾರದ ಮೇಲೆ ಸಣ್ಣ ವರ್ತಕರಿಗೆ ವಾಣಿಜ್ಯ ತೆರಿಗೆ ಇಲಾಖೆಯ ನೋಟೀಸುಗಳು ಬಂದು ರಾಜ್ಯದಲ್ಲಿ ಗದ್ದಲವೆದ್ದದ್ದನ್ನು ಯಾರೂ ಮರೆತಿರಲಾರರು. ವರ್ಷಕ್ಕೆ ಒಂದೂವರೆ ಕೋಟಿ ವಹಿವಾಟಿನವರೆಗೆ ಕಾಂಪೋಜಿಷನ್ ಎನ್ನಲಾಗುವ ರಾಜಿ ತೆರಿಗೆಯ ಅನುಕೂಲವಿದೆ. ಅದನ್ನು ಆರಿಸಿಕೊಂಡವರು ಶೇ. 5ನ್ನು ತಮ್ಮ ಗಲ್ಲಾದಿಂದ ಕಟ್ಟಬೇಕೇ ಹೊರತು ಗಿರಾಕಿಯ ಬಿಲ್ಲಿನಲ್ಲಿ ಸೇರಿಸುವಂತಿಲ್ಲ. ಊರವನು ಕೇಳುತ್ತಾನೆಂದು ಬಿಟ್ಟು, ಕೇಳದ ಪ್ರವಾಸಿಯ ಬಿಲ್ಲಿನಲ್ಲಿ ಮಾತ್ರ ತೆರಿಗೆ ಸೇರಿಸುವುದು ಚತುರತೆಯಲ್ಲ, ಕಾನೂನಿನ ಉಲ್ಲಂಘನೆ.

ಸೇವಾ ಶುಲ್ಕದ ಕಥೆಯೂ ಇಂಥದೇ. ದೊಡ್ಡ ನಗರಗಳ ಹೋಟೆಲುಗಳಲ್ಲಿ ಬಿಲ್ಲಿನ ಕೊನೆಗೆ ತಾನೇತಾನಾಗಿ ಸೇರಿಕೊಳ್ಳುತ್ತಿದ್ದ ಈ ಮೊತ್ತವನ್ನು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈ 4ರ ಮಾರ್ಗಸೂಚಿಯಲ್ಲಿ ನಿಷೇಧಿಸಿತು. ಹೋಟೆಲು ಸಂಘಗಳು ನ್ಯಾಯಾಲಯಕ್ಕೆ ಹೋದವು. ದೆಹಲಿ ಉಚ್ಚ ನ್ಯಾಯಾಲಯದ ಏಕಸದಸ್ಯ ಪೀಠ 2025ರ ಮಾರ್ಚ್ 28ರಂದು ಮಾರ್ಗಸೂಚಿಯನ್ನು ಎತ್ತಿಹಿಡಿಯಿತು. ಗಿರಾಕಿ ಸಂತೋಷದಿಂದ ಕೊಟ್ಟರೆ ಅದು ಭಕ್ಷೀಸು. ಕೇಳದೆ ಬರೆದರೆ ಬೇರೆ ಹೆಸರಿನ ಬೆಲೆ ಏರಿಕೆ. ಬೆಲೆ ಏರಿಸಬೇಕಿದ್ದರೆ ಫಲಕದಲ್ಲಿಯೇ ಏರಿಸುವ ಧೈರ್ಯವಿರಬೇಕಿತ್ತು.

ಈ ಚರ್ಚೆ ಹೋಟೆಲಿನವರಿಗೆ ಮಾತ್ರ ಸಂಬಂಧಿಸಿದ್ದೆಂದು ಉಳಿದ ವರ್ತಕ ಬಾಂಧವರು ಪುಟ ತಿರುಗಿಸಬೇಕಾಗಿಲ್ಲ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆಯಿತು. ಹೆದ್ದಾರಿಯ ಬದಿಯಲ್ಲಿ ಕಾರು ನಿಲ್ಲಿಸಿ ಎರಡು ಕಿಲೋ ಕೊಳ್ಳುವ ಪುಣೆಯ ಅಥವಾ ಮಂಗಳೂರಿನ ಗೃಹಿಣಿಗೆ ಬೇರೆ ತಳಿಯನ್ನು ಬೆರೆಸಿ ಕೊಟ್ಟರೆ ಆಕೆಗೆ ಆ ಕ್ಷಣ ತಿಳಿಯುವುದಿಲ್ಲ. ಮನೆಯಲ್ಲಿ ಸಾರು ಕೆಂಪಗಾಗದೆ ಬರೀ ಖಾರವಾದಾಗ ಆಕೆ ಅಂಗಡಿಯವನ ಹೆಸರನ್ನು ನೆನೆಯುವುದಿಲ್ಲ, ಅದು ಆಕೆಗೆ ಗೊತ್ತೂ ಇಲ್ಲ. ಬ್ಯಾಡಗಿಯ ಹೆಸರನ್ನೇ ನೆನೆಯುತ್ತಾಳೆ. ಹಾವೇರಿಯ ಏಲಕ್ಕಿ ಮಾಲೆ, ಸವಣೂರಿನ ಖಾರ, ಎಲ್ಲಕ್ಕೂ ಇದೇ ಅಪಾಯವಿದೆ. ಒಬ್ಬನು ಉಳಿಸಿದ ಎಂಟು ರೂಪಾಯಿಯನ್ನು ಇಡೀ ಪೇಟೆ ತೆರಬೇಕಾಗುತ್ತದೆ.

ಅವಕಾಶಗಳೂ ಇವೆ. ತೆಳ್ಳಗೆ ತಟ್ಟಿ ಒಣಗಿಸಿದ ಖಡಕ್ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ. ಅಡುಗೆಮನೆಯಿಂದ ಪೊಟ್ಟಣಕ್ಕೆ ಹೋದ ಬೆಂಗಳೂರಿನ ದಾರಿ ಇದಕ್ಕೂ ತೆರೆದಿದೆ. ರೊಟ್ಟಿ, ಚಪಾತಿಗಳ ಮೇಲಿನ ತೆರಿಗೆಯನ್ನು 2025ರ ಸೆಪ್ಟೆಂಬರ್ 22ರಿಂದ ಸೊನ್ನೆಗೆ ಇಳಿಸಲಾಗಿದೆ. ತಟ್ಟೆಯಲ್ಲಿ ಬಡಿಸಿದ ರೊಟ್ಟಿ ಸೇವೆಯೆನಿಸಿ ಶೇ. 5, ಪೊಟ್ಟಣದಲ್ಲಿ ಕಟ್ಟಿ ಮಾರಿದ ರೊಟ್ಟಿ ಸರಕೆನಿಸಿ ಸೊನ್ನೆ. ತೆರಿಗೆ ಶಾಸ್ತ್ರದ ಈ ವಿನೋದವನ್ನು ಖಾನಾವಳಿಯ ಮಾಲೀಕರು ತಮ್ಮ ಅನುಕೂಲಕ್ಕೆ ಬಳಸಿಕೊಳ್ಳಬಹುದು. ಆದರೆ ಎರಡರ ಲೆಕ್ಕವನ್ನೂ ಬೇರೆಬೇರೆಯಾಗಿ ಇಡತಕ್ಕದ್ದು.

ಸದ್ಯಕ್ಕೆ ಮಾಡಬಹುದಾದದ್ದು ಹೆಚ್ಚು ಖರ್ಚಿನದೇನಲ್ಲ. ಹಂಸಭಾವಿಯಂಥ ಊರುಗಳ ಖಾನಾವಳಿಗಳು ರಸ್ತೆಗೆ ಕಾಣುವಂತೆ ಒಂದು ಫಲಕ ಹಾಕಿ, ಊಟದಲ್ಲಿ ಏನೇನಿದೆ, ಯಾವ ಎಣ್ಣೆ, ಎಷ್ಟು ದರ ಎಂಬುದನ್ನು ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಬರೆಯಿಸಲಿ. ಸುಗ್ಗಿಯ ನಂತರ ಜೋಳದ ದರ ನೋಡಿಕೊಂಡು ವರ್ಷಕ್ಕೊಮ್ಮೆ ದರ ಪರಿಷ್ಕರಿಸಿ, ಪರಿಷ್ಕರಿಸಿದ ದಿನಾಂಕವನ್ನೂ ಅದರ ಕೆಳಗೆ ನಮೂದಿಸಲಿ. ರೊಟ್ಟಿ ಬಡಿಯುವ ಒಲೆಯನ್ನು ಹಿತ್ತಲಿನಿಂದ ಮುಂಭಾಗಕ್ಕೆ ತಂದರೆ ಇನ್ನೂ ಒಳ್ಳೆಯದು. ಆಗ ಲಾಲ್‌ಬಾಗ್ ರಸ್ತೆಯಲ್ಲಿ ಹೆಸರು ಬರೆಸಿ ಕಾದು ಬಂದ ವರ್ತಕ, ತನ್ನ ಊರಿನ ಹತ್ತು ರೂಪಾಯಿಗೆ ವಾದಿಸುವ ಮೊದಲು ಆ ಫಲಕವನ್ನೊಮ್ಮೆ ಓದುವನು.